ಸರ್ಕಾರಿ ಅಂಕಿ ಅಂಶ ಓದುವ ಬಗೆ: ದೇಶದ ಆರೋಗ್ಯ, ಸಮಾಜ, ಆರ್ಥಿಕತೆಯ ಲೆಕ್ಕಕ್ಕೊಂದು ಸಮಗ್ರ ಮಾರ್ಗದರ್ಶಿ

ಪ್ರತಿ ತಿಂಗಳ 12ರ ಸುಮಾರಿಗೆ ಹಣದುಬ್ಬರದ ದರ, 15ರ ಸುಮಾರಿಗೆ ನಿರುದ್ಯೋಗದ ಪ್ರಮಾಣ, ಮೂರು ತಿಂಗಳಿಗೊಮ್ಮೆ ಜಿಡಿಪಿ, ಆಗೀಗ ಶಿಶು ಮರಣದ ಲೆಕ್ಕ, ಹೀಗೆ ಸರ್ಕಾರದ ಅಂಕಿ ಅಂಶಗಳು ಪತ್ರಿಕೆಗಳಿಗೆ ಬರುತ್ತಲೇ ಇರುತ್ತವೆ. ಬಂದ ದಿನ ಅವುಗಳ ಮೇಲೆ ಜೋರು ಚರ್ಚೆ ನಡೆಯುತ್ತದೆ, ಆದರೆ ಆ ಚರ್ಚೆಯಲ್ಲಿ ಭಾಗವಹಿಸುವವರಲ್ಲಿ ಮೂಲ ಪ್ರಕಟಣೆಯನ್ನು ತೆರೆದು ನೋಡಿದವರು ಕಡಿಮೆ. ಯಾರನ್ನು ಕೇಳಿದರು, ಏನೆಂದು ಕೇಳಿದರು, ಯಾವ ಅವಧಿಯ ಬಗ್ಗೆ ಕೇಳಿದರು, ಬಂದ ಉತ್ತರವನ್ನು ಯಾವುದರಿಂದ ಭಾಗಿಸಿದರು ಎಂಬ ನಾಲ್ಕು ವಿಷಯ ತಿಳಿಯದೆ ಯಾವ ಅಂಕಿಯನ್ನೂ ನಂಬುವುದಕ್ಕೂ ಆಗದು, ತಳ್ಳಿಹಾಕುವುದಕ್ಕೂ ಆಗದು. ಈ ನಾಲ್ಕನ್ನು ಹುಡುಕಿ ತೆಗೆಯುವ ಕ್ರಮವನ್ನು ಭಾರತದ ಅಂಕಿ ಅಂಶಗಳನ್ನೇ ಮುಂದಿಟ್ಟುಕೊಂಡು ಇಲ್ಲಿ ವಿವರಿಸಿದ್ದೇನೆ. ಇದಕ್ಕೆ ಶೇಕಡಾವಾರು ಲೆಕ್ಕ ಗೊತ್ತಿದ್ದರೆ ಸಾಕು.

ಮೊದಲ ಹೆಜ್ಜೆ: ಅಂಕಿ ಯಾವ ಕಚೇರಿಯದು ಎಂದು ಗುರುತಿಸಿ

ನಮ್ಮ ದೇಶದಲ್ಲಿ ಎಲ್ಲ ಅಂಕಿ ಅಂಶವೂ ಒಂದೇ ಕಡೆ ತಯಾರಾಗುವುದಿಲ್ಲ. ಜಿಡಿಪಿ, ಗ್ರಾಹಕ ಬೆಲೆ ಸೂಚ್ಯಂಕ, ಉದ್ಯೋಗ ಸಮೀಕ್ಷೆ, ಕುಟುಂಬಗಳ ಖರ್ಚಿನ ಸಮೀಕ್ಷೆ ಇವೆಲ್ಲ ಕೇಂದ್ರ ಸಾಂಖ್ಯಿಕ ಸಚಿವಾಲಯದ ರಾಷ್ಟ್ರೀಯ ಸಾಂಖ್ಯಿಕ ಕಚೇರಿಯವು. ಜನಗಣತಿ ಮತ್ತು ಜನನ ಮರಣದ ಲೆಕ್ಕ ಗೃಹ ಸಚಿವಾಲಯದ ಅಡಿಯಲ್ಲಿರುವ ರಿಜಿಸ್ಟ್ರಾರ್ ಜನರಲ್ ಅವರದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ಆರೋಗ್ಯ ಸಚಿವಾಲಯಕ್ಕಾಗಿ ಮುಂಬೈಯ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ ನಡೆಸುತ್ತದೆ. ಕೇಂದ್ರ ಸರ್ಕಾರಿ ನೌಕರರ ತುಟ್ಟಿಭತ್ಯೆ ನಿರ್ಧಾರವಾಗುವುದು ಕಾರ್ಮಿಕ ಬ್ಯೂರೊ ಹೊರಡಿಸುವ ಕೈಗಾರಿಕಾ ಕಾರ್ಮಿಕರ ಬೆಲೆ ಸೂಚ್ಯಂಕದ ಮೇಲೆ, ರಿಸರ್ವ್ ಬ್ಯಾಂಕ್ ಶೇ 4ರ ಗುರಿ ಇಟ್ಟುಕೊಂಡಿರುವುದು ಸಾಂಖ್ಯಿಕ ಕಚೇರಿಯ ಗ್ರಾಹಕ ಬೆಲೆ ಸೂಚ್ಯಂಕದ ಮೇಲೆ, ವಾಣಿಜ್ಯ ಸಚಿವಾಲಯದಿಂದ ಬರುವ ಸಗಟು ಬೆಲೆ ಸೂಚ್ಯಂಕ ಇವೆರಡಕ್ಕಿಂತಲೂ ಬೇರೆ. ಮೂರನ್ನೂ ಪತ್ರಿಕೆಗಳು ‘ಹಣದುಬ್ಬರ’ ಎಂದೇ ಬರೆಯುವುದರಿಂದ, ಒಂದೇ ವಾರದಲ್ಲಿ ಹಣದುಬ್ಬರ ಏರಿತೆಂದೂ ಇಳಿಯಿತೆಂದೂ ಓದುವ ಪ್ರಸಂಗ ಬಂದರೆ ಗಾಬರಿಯಾಗಬೇಕಿಲ್ಲ.

ಈ ವ್ಯವಸ್ಥೆಯ ಬೇರು ಸ್ವಾತಂತ್ರ್ಯದ ಆಸುಪಾಸಿನದು. 1949ರಲ್ಲಿ ನೇಮಕವಾದ ರಾಷ್ಟ್ರೀಯ ಆದಾಯ ಸಮಿತಿಗೆ ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಲನೋಬಿಸ್ ಅಧ್ಯಕ್ಷರು, ಅರ್ಥಶಾಸ್ತ್ರಜ್ಞರಾದ ಡಿ.ಆರ್. ಗಾಡ್ಗೀಳ್ ಮತ್ತು ವಿ.ಕೆ.ಆರ್.ವಿ. ರಾವ್ ಸದಸ್ಯರು. ಬ್ರಿಟಿಷರ ಕಾಲದಲ್ಲೇ ಭಾರತದ ರಾಷ್ಟ್ರೀಯ ಆದಾಯವನ್ನು ಲೆಕ್ಕಹಾಕಿದ್ದ ರಾವ್ ಅವರೇ ಮುಂದೆ 1972ರಲ್ಲಿ ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆಯನ್ನು, ನಾವೆಲ್ಲ ಐಸೆಕ್ ಎನ್ನುವ ಸಂಸ್ಥೆಯನ್ನು, ಕಟ್ಟಿದರು. 1950ರಲ್ಲಿ ಮಹಲನೋಬಿಸ್ ಅವರ ಮುಂದಾಳತ್ವದಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ಶುರುವಾಯಿತು. ಇಡೀ ದೇಶವನ್ನು ಕೇಳಲು ಹಣವೂ ಇಲ್ಲ, ಜನರೂ ಇಲ್ಲ ಎಂಬ ಕಾಲದಲ್ಲಿ ಕೆಲವೇ ಸಾವಿರ ಮನೆಗಳನ್ನು ಸರಿಯಾಗಿ ಆರಿಸಿ ಕೇಳಿದರೆ ದೇಶದ ಸ್ಥಿತಿ ತಿಳಿಯುತ್ತದೆ ಎಂದು ಮಾಡಿ ತೋರಿಸಿದ್ದು ಆ ಸಮೀಕ್ಷೆ.

ಎರಡನೇ ಹೆಜ್ಜೆ: ಅದು ಗಣತಿಯೋ, ನೋಂದಣಿಯೋ, ಮಾದರಿಯೋ ತಿಳಿದುಕೊಳ್ಳಿ

ಗಣತಿಯೆಂದರೆ ಒಬ್ಬರನ್ನೂ ಬಿಡದೆ ಎಣಿಸುವುದು. 2011ರ ಜನಗಣತಿಯಲ್ಲಿ ದೇಶದ ಜನಸಂಖ್ಯೆ 121 ಕೋಟಿ, ಕರ್ನಾಟಕದ್ದು 6.11 ಕೋಟಿ. 1881ರಿಂದ ಹತ್ತು ವರ್ಷಕ್ಕೊಮ್ಮೆ ತಪ್ಪದೆ ನಡೆದುಬಂದ ಈ ಎಣಿಕೆ 2021ರಲ್ಲಿ ನಡೆಯಲಿಲ್ಲ. ಮುಂದಿನದಕ್ಕೆ 2027ರ ಮಾರ್ಚ್ 1 ಆಧಾರ ದಿನವೆಂದು ಸರ್ಕಾರ ಅಧಿಸೂಚನೆ ಹೊರಡಿಸಿದೆ. ಗಣತಿ ತಡವಾದರೆ ಜನಸಂಖ್ಯೆಯ ಅಂಕಿ ಹಳತಾಗುತ್ತದೆ ಎಂಬುದಷ್ಟೇ ತೊಂದರೆಯಲ್ಲ. ಇತರ ಸಮೀಕ್ಷೆಗಳು ಹಳ್ಳಿಗಳನ್ನು ಆರಿಸಿಕೊಳ್ಳುವುದು ಗಣತಿಯ ಪಟ್ಟಿಯಿಂದ, ಹಳ್ಳಿ ಯಾವುದು ಪಟ್ಟಣ ಯಾವುದು ಎಂಬ ವಿಂಗಡಣೆಯೂ ಅಲ್ಲಿಂದಲೇ. ಹೀಗಾಗಿ ಬೆಂಗಳೂರಿನ ಅಂಚಿನಲ್ಲಿ ಅಪಾರ್ಟ್‌ಮೆಂಟುಗಳಿಂದ ತುಂಬಿಹೋದ ಊರು ಕೂಡ 2011ರ ಪಟ್ಟಿಯಲ್ಲಿ ಹಳ್ಳಿಯಾಗಿದ್ದರೆ ‘ಗ್ರಾಮೀಣ’ ಎಂಬ ಲೆಕ್ಕಕ್ಕೇ ಬೀಳುವ ಸಾಧ್ಯತೆ ಹೆಚ್ಚು. ನನ್ನ ಅಭಿಪ್ರಾಯದಲ್ಲಿ ಇಂದು ನಮ್ಮ ಅಂಕಿ ಅಂಶ ವ್ಯವಸ್ಥೆಯ ಅತಿ ದೊಡ್ಡ ಕೊರತೆ ಇದೇ.

ನೋಂದಣಿ ಎಂದರೆ ಘಟನೆ ನಡೆದಾಗ ಜನರೇ ಬಂದು ಬರೆಸುವುದು. 1969ರ ಜನನ ಮರಣ ನೋಂದಣಿ ಕಾಯಿದೆಯ ಪ್ರಕಾರ 21 ದಿನಗಳೊಳಗೆ ಬರೆಸಬೇಕು. ಕರ್ನಾಟಕದಲ್ಲಿ ಈ ಕೆಲಸ ಇ-ಜನ್ಮ ತಂತ್ರಾಂಶದಲ್ಲಿ ನಡೆಯುತ್ತದೆ. ನೋಂದಣಿಯಿಂದ ಬಂದ ಅಂಕಿಯನ್ನು ಓದುವಾಗ ಒಂದು ಪ್ರಶ್ನೆಯನ್ನು ಮರೆಯಬಾರದು: ಹೆಚ್ಚಾಗಿರುವುದು ಘಟನೆಯೋ, ಬರೆಸುವವರೋ? ದೇಶದಲ್ಲಿ 2019ರಲ್ಲಿ 76.4 ಲಕ್ಷ ಸಾವುಗಳು ನೋಂದಣಿಯಾದವು, 2020ರಲ್ಲಿ 81.2 ಲಕ್ಷ, 2021ರಲ್ಲಿ 102.2 ಲಕ್ಷ. 2021ರಲ್ಲಿ ಕೋವಿಡ್‌ನಿಂದ ಸತ್ತವರೆಂದು ಸರ್ಕಾರ ಅಧಿಕೃತವಾಗಿ ಲೆಕ್ಕಕ್ಕೆ ತೆಗೆದುಕೊಂಡಿದ್ದು ಸುಮಾರು 3.3 ಲಕ್ಷ, ನೋಂದಣಿಯಲ್ಲಿ ಹಿಂದಿನ ವರ್ಷಕ್ಕಿಂತ ಹೆಚ್ಚಾಗಿದ್ದು 21 ಲಕ್ಷ. ಈ ಅಂತರವೆಲ್ಲವೂ ಮುಚ್ಚಿಟ್ಟ ಕೋವಿಡ್ ಸಾವು ಎನ್ನುವಂತಿಲ್ಲ, ಏಕೆಂದರೆ ನೋಂದಣಿ ಮಾಡಿಸುವವರ ಪ್ರಮಾಣ ವರ್ಷದಿಂದ ವರ್ಷಕ್ಕೆ ಏರುತ್ತಲೇ ಇತ್ತು, ಪರಿಹಾರಕ್ಕೆ ಮರಣ ಪತ್ರ ಬೇಕಾಗಿದ್ದರಿಂದ ಬರೆಸಿದವರೂ ಇರಬಹುದು. ಹಾಗೆಂದು ಒಂದೇ ವರ್ಷದಲ್ಲಿ 21 ಲಕ್ಷದ ಜಿಗಿತವನ್ನು ನೋಂದಣಿಯ ಸುಧಾರಣೆಯೊಂದರಿಂದಲೇ ವಿವರಿಸುವುದೂ ಸಾಧ್ಯವಿಲ್ಲ. ಸಾವಿನ ಕಾರಣದ ಮಟ್ಟಿಗೆ ನಮ್ಮ ಮಾಹಿತಿ ಇನ್ನೂ ತೆಳು: 2020ರಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣವನ್ನು ಪ್ರಮಾಣೀಕರಿಸಿದ್ದು ಶೇ 22.5ರಷ್ಟಕ್ಕೆ ಮಾತ್ರ.

ನೋಂದಣಿಯನ್ನು ಪೂರ್ತಿ ನೆಚ್ಚಲಾಗದು ಎಂದೇ 1960ರ ದಶಕದಲ್ಲಿ ಮಾದರಿ ನೋಂದಣಿ ವ್ಯವಸ್ಥೆಯನ್ನು ರೂಪಿಸಿದರು. ದೇಶದಾದ್ಯಂತ ಆರಿಸಿದ 8,800ಕ್ಕೂ ಹೆಚ್ಚು ಘಟಕಗಳಲ್ಲಿ, ಅಂದರೆ ಹಳ್ಳಿಗಳಲ್ಲಿ ಮತ್ತು ನಗರದ ಬ್ಲಾಕುಗಳಲ್ಲಿ, ಸ್ಥಳೀಯ ಗಣತಿದಾರರೊಬ್ಬರು ವರ್ಷವಿಡೀ ಹುಟ್ಟು ಸಾವುಗಳನ್ನು ಬರೆದುಕೊಳ್ಳುತ್ತಾರೆ. ಆರು ತಿಂಗಳಿಗೊಮ್ಮೆ ಮೇಲ್ವಿಚಾರಕರು ಆ ಪುಸ್ತಕವನ್ನು ನೋಡದೆ, ಮನೆಮನೆಗೆ ಹೋಗಿ ಕಳೆದ ಆರು ತಿಂಗಳ ಘಟನೆಗಳನ್ನು ತಾವೇ ಕೇಳಿ ಬರೆದುಕೊಳ್ಳುತ್ತಾರೆ. ಆಮೇಲೆ ಎರಡು ಪಟ್ಟಿಗಳನ್ನು ಒಂದೊಂದೇ ಸಾಲಾಗಿ ತಾಳೆ ನೋಡುತ್ತಾರೆ. ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ ಘಟನೆಗೆ ಮತ್ತೆ ಆ ಮನೆಗೆ ಹೋಗಿ ವಿಚಾರಿಸಬೇಕು. ಹುಟ್ಟಿ ನಾಲ್ಕು ದಿನಕ್ಕೆ ತೀರಿಕೊಂಡ ಮಗುವಿನ ವಿಷಯವನ್ನು ತಾಯಿ ಒಬ್ಬರ ಮುಂದೆ ಹೇಳದೆ ಉಳಿದರೂ ಇನ್ನೊಬ್ಬರ ಪಟ್ಟಿಗೆ ಬರಲಿ ಎಂಬುದು ಇದರ ಉದ್ದೇಶ. ಶಿಶು ಮರಣ ಪ್ರಮಾಣವು 2013ರಲ್ಲಿ ಸಾವಿರ ಜನನಕ್ಕೆ 40 ಇದ್ದದ್ದು 2023ರಲ್ಲಿ 25ಕ್ಕೆ ಇಳಿಯಿತು ಎಂದು ನಾವು ಧೈರ್ಯವಾಗಿ ಹೇಳುವುದು ಈ ಎರಡು ಪಟ್ಟಿಗಳ ಬಲದಿಂದ.

ಮಾದರಿಯಿಂದ ಇಡೀ ಪ್ರದೇಶದ ಲೆಕ್ಕ ಹೇಗೆ ಬರುತ್ತದೆ ಎಂಬುದನ್ನು ಕಣ್ಣಾರೆ ನೋಡಬೇಕೆಂದರೆ ಸುಗ್ಗಿಯಲ್ಲಿ ನಡೆಯುವ ಬೆಳೆ ಕಟಾವು ಪ್ರಯೋಗಕ್ಕೆ ಹೋಗಬೇಕು. ಸರ್ವೆ ನಂಬರನ್ನು ಅಧಿಕಾರಿ ತನಗಿಷ್ಟ ಬಂದಂತೆ ಆರಿಸುವಂತಿಲ್ಲ, ಯಾದೃಚ್ಛಿಕ ಸಂಖ್ಯೆಯಿಂದ, ಅಂದರೆ ಚೀಟಿ ಎತ್ತಿದಂತೆ, ಅದು ಮೊದಲೇ ನಿಗದಿಯಾಗಿರುತ್ತದೆ. ಹೊಲದೊಳಗೆ ಎಲ್ಲಿ ಗೂಟ ಹೊಡೆಯಬೇಕು ಎಂಬುದೂ ಹಾಗೆಯೇ. ಬಹುತೇಕ ಬೆಳೆಗಳಿಗೆ 5 ಮೀಟರ್ ಉದ್ದ, 5 ಮೀಟರ್ ಅಗಲದ ತಾಕನ್ನು ಹಗ್ಗ ಕಟ್ಟಿ ಗುರುತು ಮಾಡಿ, ಕೊಯ್ದು, ಬಡಿದು, ತೂಗುತ್ತಾರೆ. ಆ 25 ಚದರ ಮೀಟರಿನಲ್ಲಿ 5 ಕಿಲೊ ಒಣ ರಾಗಿ ಬಂತೆನ್ನಿ. ಹೆಕ್ಟೇರಿಗೆ 10,000 ಚದರ ಮೀಟರ್ ಆದ್ದರಿಂದ 400ರಿಂದ ಗುಣಿಸಿದರೆ 2,000 ಕಿಲೊ, ಎಕರೆಗೆ ಸುಮಾರು 8 ಕ್ವಿಂಟಲ್. ತೂಕದಲ್ಲಿ 100 ಗ್ರಾಂ ತಪ್ಪಿದರೆ ಹೆಕ್ಟೇರಿಗೆ 40 ಕಿಲೊ ತಪ್ಪುತ್ತದೆ, ಬೆಳೆ ವಿಮೆಯ ಪರಿಹಾರವೂ ಈ ಇಳುವರಿಯ ಮೇಲೆಯೇ ನಿಂತಿರುತ್ತದೆ. ಬೆಳೆ ಚೆನ್ನಾಗಿರುವ ಮೂಲೆಯಲ್ಲಿ ಗೂಟ ಹೊಡೆಸಬೇಡಿ ಎಂದು ರೈತರು ಜಗಳಕ್ಕೆ ನಿಲ್ಲುವುದು ಸುಮ್ಮನೆ ಅಲ್ಲ.

ಮೂರನೇ ಹೆಜ್ಜೆ: ವ್ಯಾಖ್ಯೆಯನ್ನು ಓದಿ, ಶೀರ್ಷಿಕೆಯನ್ನಲ್ಲ

ಅಂಕಿಯ ಅರ್ಥವೆಲ್ಲ ವ್ಯಾಖ್ಯೆಯಲ್ಲಿದೆ. ಇದನ್ನು ನಿರುದ್ಯೋಗದ ಪ್ರಮಾಣದಷ್ಟು ಚೆನ್ನಾಗಿ ತೋರಿಸುವ ಉದಾಹರಣೆ ಇನ್ನೊಂದಿಲ್ಲ. ಆವರ್ತಕ ಕಾರ್ಮಿಕ ಬಲ ಸಮೀಕ್ಷೆಯ ಪ್ರಕಾರ 2023-24ರಲ್ಲಿ ನಿರುದ್ಯೋಗ ಶೇ 3.2. ಅದೇ ವರದಿಯ ಇನ್ನೊಂದು ಕೋಷ್ಟಕದಲ್ಲಿ ಶೇ 4.9. ಎರಡೂ ಸರಿಯೇ. ಮೊದಲನೆಯದು ‘ಸಾಮಾನ್ಯ ಸ್ಥಿತಿ’: ಕಳೆದ 365 ದಿನಗಳಲ್ಲಿ ಹೆಚ್ಚಿನ ಕಾಲ ಕೆಲಸದಲ್ಲಿದ್ದವರನ್ನೂ, ಹಾಗಿಲ್ಲದಿದ್ದರೂ 30 ದಿನಗಳಿಗೆ ಕಡಿಮೆಯಿಲ್ಲದಂತೆ ಯಾವುದಾದರೂ ಉಪಕಸುಬು ಮಾಡಿದವರನ್ನೂ ಇದು ಉದ್ಯೋಗಿಗಳೆಂದೇ ಎಣಿಸುತ್ತದೆ. ಎರಡನೆಯದು ‘ಪ್ರಸಕ್ತ ವಾರದ ಸ್ಥಿತಿ’: ಕಳೆದ ಏಳು ದಿನಗಳಲ್ಲಿ ಯಾವುದಾದರೂ ಒಂದು ದಿನ ಒಂದು ಗಂಟೆ ಕೆಲಸ ಮಾಡಿದ್ದರೂ ಅವರು ಉದ್ಯೋಗಿ. ಕೆಲಸ ಇಲ್ಲ, ಹುಡುಕುತ್ತಲೂ ಇಲ್ಲ, ಸಿಕ್ಕರೂ ಮಾಡುವುದಿಲ್ಲ ಎನ್ನುವವರು ಎರಡರಲ್ಲೂ ನಿರುದ್ಯೋಗಿಗಳಲ್ಲ, ಅವರು ಕಾರ್ಮಿಕ ಬಲದ, ಅಂದರೆ ಕೆಲಸದಲ್ಲಿರುವವರು ಮತ್ತು ಕೆಲಸ ಬೇಕೆನ್ನುವವರು ಸೇರಿದ ಗುಂಪಿನ, ಹೊರಗಿನವರು. 2025ರಿಂದ ತಿಂಗಳಿಗೊಮ್ಮೆ ಬರುತ್ತಿರುವ ಅಂಕಿ ವಾರದ ಸ್ಥಿತಿಯದು. ಅದನ್ನು ಹಿಂದಿನ ವರ್ಷಗಳ ಶೇ 3.2ರೊಂದಿಗೆ ಇಟ್ಟು ನಿರುದ್ಯೋಗ ಏಕಾಏಕಿ ಏರಿತು ಎಂದು ಬರೆಯುವುದು ಅಡಿಯನ್ನು ಮೀಟರಿನ ಜೊತೆ ಹೋಲಿಸಿದಂತೆ.

ಮಹಿಳೆಯರ ದುಡಿಮೆಯ ವಿಷಯದಲ್ಲಿ ವ್ಯಾಖ್ಯೆ ಇನ್ನೂ ಸೂಕ್ಷ್ಮ. 15 ವರ್ಷ ಮೀರಿದ ಮಹಿಳೆಯರಲ್ಲಿ ಕಾರ್ಮಿಕ ಬಲದಲ್ಲಿರುವವರು 2017-18ರಲ್ಲಿ ಶೇ 23.3, 2023-24ರಲ್ಲಿ ಶೇ 41.7. ಆರೇ ವರ್ಷಗಳಲ್ಲಿ ಇಂಥ ಏರಿಕೆ ಕಂಡರೆ ಮುಂದಿನ ಕೋಷ್ಟಕಕ್ಕೆ ಹೋಗಬೇಕು. ದುಡಿಯುವ ಮಹಿಳೆಯರಲ್ಲಿ ಸ್ವಯಂ ಉದ್ಯೋಗಿಗಳ ಪಾಲು ಇದೇ ಅವಧಿಯಲ್ಲಿ ಶೇ 51.9ರಿಂದ ಶೇ 67.4ಕ್ಕೆ ಏರಿದೆ, ಅವರಲ್ಲಿ ಬಹಳಷ್ಟು ಮಂದಿ ಸಂಬಳವಿಲ್ಲದೆ ಮನೆಯ ಹೊಲದಲ್ಲೋ ಅಂಗಡಿಯಲ್ಲೋ ನೆರವಾಗುವವರು. ಎರಡು ಹಸು ಕಟ್ಟಿ, ಹುಲ್ಲು ಹೊತ್ತು ತಂದು, ಬೆಳಿಗ್ಗೆ ಸಂಜೆ ಹಾಲು ಕರೆದು ಡೇರಿಗೆ ಹಾಕುವ ಹೆಂಗಸನ್ನು ‘ಏನು ಕೆಲಸ ಮಾಡ್ತೀರಮ್ಮ’ ಎಂದು ಕೇಳಿದರೆ ‘ಏನೂ ಇಲ್ಲಪ್ಪ, ಮನೇಲೇ ಇರ್ತೀನಿ’ ಎಂಬ ಉತ್ತರ ಬರುವುದು ಎಲ್ಲರಿಗೂ ಗೊತ್ತು. ಕ್ಷೇತ್ರಾಧಿಕಾರಿ ಅಲ್ಲಿಗೇ ನಿಲ್ಲಿಸಿದರೆ ಆಕೆ ಕಾರ್ಮಿಕ ಬಲದ ಹೊರಗೆ, ಹಸುವಿನ ಬಗ್ಗೆ ಇನ್ನೆರಡು ಪ್ರಶ್ನೆ ಕೇಳಿದರೆ ಒಳಗೆ. ಏರಿಕೆಯಲ್ಲಿ ಎಷ್ಟು ಹೊಸ ದುಡಿಮೆ, ಎಷ್ಟು ಮೊದಲೇ ಇದ್ದು ಈಗ ದಾಖಲಾದ ದುಡಿಮೆ, ಎಷ್ಟು ಬೇರೆ ದಾರಿ ಕಾಣದೆ ಹೊಲಕ್ಕೆ ಮರಳಿದ ದುಡಿಮೆ ಎಂಬುದನ್ನು ಶೇ 41.7 ಎಂಬ ಒಂದೇ ಅಂಕಿಯಿಂದ ಬಿಡಿಸಲಾಗದು. ಅಡುಗೆ, ಮಕ್ಕಳ ಪಾಲನೆ ಈ ಲೆಕ್ಕಕ್ಕೆ ಬರುವುದೇ ಇಲ್ಲ. ಅದಕ್ಕೆ ಸಮಯ ಬಳಕೆ ಸಮೀಕ್ಷೆಯನ್ನು ನೋಡಬೇಕು: 2024ರಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡಿದವರ ಪೈಕಿ ಮಹಿಳೆಯರು ದಿನಕ್ಕೆ 289 ನಿಮಿಷ, ಪುರುಷರು 88 ನಿಮಿಷ ಅದರಲ್ಲಿ ಕಳೆದಿದ್ದಾರೆ.

ಅಪರಾಧದ ಅಂಕಿಗಳಿಗೂ ಇದೇ ಎಚ್ಚರಿಕೆ ಸಲ್ಲುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಎಣಿಸುವುದು ದಾಖಲಾದ ಪ್ರಕರಣಗಳನ್ನು. ಒಂದೇ ಎಫ್‌ಐಆರ್‌ನಲ್ಲಿ ಹಲವು ಅಪರಾಧಗಳಿದ್ದರೆ ಅತಿ ಗಂಭೀರವಾದದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಠಾಣೆಗೆ ಹೋಗಿ ದೂರು ಕೊಡುವುದು ಸುಲಭವಾಗಿರುವ ರಾಜ್ಯದಲ್ಲಿ ಅಪರಾಧ ಹೆಚ್ಚೆಂದು ಕಾಣುವುದು ಇದರಿಂದಲೇ.

ನಾಲ್ಕನೇ ಹೆಜ್ಜೆ: ಛೇದವನ್ನು ಹುಡುಕಿ

ಐದನೇ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಟವಾದಾಗ ಭಾರತದಲ್ಲಿ ಸಾವಿರ ಪುರುಷರಿಗೆ 1,020 ಮಹಿಳೆಯರಿದ್ದಾರೆ ಎಂಬ ಸುದ್ದಿ ಸಂಭ್ರಮದಿಂದ ಹರಡಿತು. ಹತ್ತು ವರ್ಷ ಹಿಂದಿನ ಗಣತಿಯಲ್ಲಿ ಈ ಸಂಖ್ಯೆ 943. ಆ ಸಮೀಕ್ಷೆ ಎಣಿಸಿದ್ದು ಆರಿಸಿದ ಮನೆಗಳಲ್ಲಿ ಹಿಂದಿನ ರಾತ್ರಿ ಇದ್ದವರನ್ನು. ಸೇನಾ ಶಿಬಿರ, ಹಾಸ್ಟೆಲ್ ಇಂಥ ಕಡೆ ಇರುವವರು ಅದರ ವ್ಯಾಪ್ತಿಗೆ ಬರುವುದಿಲ್ಲ, ಕೂಲಿಗಾಗಿ ಊರು ಬಿಟ್ಟವರು ಮನೆಯಲ್ಲಿ ಸಿಗುವುದಿಲ್ಲ, ಇವರಲ್ಲಿ ಗಂಡಸರೇ ಹೆಚ್ಚು. ಹಾಗಾಗಿ 1,020 ಎಂಬುದು ಆ ರಾತ್ರಿ ಮನೆಗಳಲ್ಲಿದ್ದವರ ಅನುಪಾತವೇ ಹೊರತು ದೇಶದ ಲಿಂಗಾನುಪಾತವಲ್ಲ. ಅದೇ ವರದಿಯಲ್ಲಿ ಜನನದ ಲಿಂಗಾನುಪಾತ 929 ಎಂದಿತ್ತು, ಸಾವಿರ ಗಂಡು ಕೂಸುಗಳಿಗೆ 929 ಹೆಣ್ಣು ಕೂಸುಗಳು. ಪ್ರಕೃತಿ ಸಹಜವಾಗಿ ಹುಟ್ಟುವುದು 950ರ ಆಸುಪಾಸಿನಲ್ಲಿ ಎಂಬುದನ್ನು ನೆನೆದರೆ ಚಿಂತಿಸಬೇಕಾದ ಅಂಕಿ ಇದಾಗಿತ್ತು.

ತಾಯಂದಿರ ಮರಣದ ಅನುಪಾತಕ್ಕೆ ಛೇದ ಒಂದು ಲಕ್ಷ ಜೀವಂತ ಜನನ, ಶಿಶು ಮರಣಕ್ಕೆ ಸಾವಿರ ಜೀವಂತ ಜನನ. ಎರಡನ್ನೂ ಅಕ್ಕಪಕ್ಕ ಇಟ್ಟು ಹೋಲಿಸುವಂತಿಲ್ಲ. ಹೆರಿಗೆಯಲ್ಲಿ ತಾಯಿ ಸಾಯುವುದು ಅಪರೂಪವಾದ್ದರಿಂದ ಮಾದರಿಯಲ್ಲಿ ಒಂದು ವರ್ಷಕ್ಕೆ ಸಿಗುವ ಘಟನೆಗಳು ಸಾಲುವುದಿಲ್ಲ, ಮೂರು ವರ್ಷಗಳನ್ನು ಕೂಡಿಸಿ ಲೆಕ್ಕ ಹಾಕುತ್ತಾರೆ. 2018-20ರಲ್ಲಿ ದೇಶಕ್ಕೆ 97, ಕರ್ನಾಟಕಕ್ಕೆ 69, ಕೇರಳಕ್ಕೆ 19. ದಕ್ಷಿಣದ ರಾಜ್ಯಗಳ ಸಾಲಿನಲ್ಲಿ ನಾವು ಹಿಂದುಳಿದಿದ್ದೇವೆ ಎನ್ನಲು ಇಷ್ಟು ಅಂತರ ಸಾಕು, ಆದರೆ 2018-20 ಮತ್ತು 2019-21ರ ನಡುವೆ ಎರಡು ವರ್ಷ ಸಮಾನವಾಗಿರುವುದರಿಂದ ಆ ಎರಡರ ಸಣ್ಣ ವ್ಯತ್ಯಾಸವನ್ನು ಒಂದು ವರ್ಷದ ಸಾಧನೆ ಎಂದು ಘೋಷಿಸುವುದು ಸರಿಯಲ್ಲ.

ಐದನೇ ಹೆಜ್ಜೆ: ದರ ಬೇರೆ, ಮಟ್ಟ ಬೇರೆ

2024ರ ಅಕ್ಟೋಬರ್‌ನಲ್ಲಿ ಗ್ರಾಹಕ ಬೆಲೆ ಹಣದುಬ್ಬರ ಶೇ 6.21, 2025ರ ಅಕ್ಟೋಬರ್‌ನಲ್ಲಿ ಶೇ 0.25. ದಿನಸಿ ಅಂಗಡಿಯಲ್ಲಿ ಇದರ ಅರ್ಥವೇನು? 2023ರ ಅಕ್ಟೋಬರ್‌ನಲ್ಲಿ 100 ರೂಪಾಯಿಗೆ ಸಿಗುತ್ತಿದ್ದ ಸಾಮಾನು ಮರುವರ್ಷ 106.21 ಆಯಿತು, ಅದರ ಮರುವರ್ಷ 106.48. ಹಣದುಬ್ಬರ ನೆಲಕಚ್ಚಿತು ಎಂದು ಓದಿದವರಿಗೆ ಅಂಗಡಿಯ ಚೀಟಿ ಹಗುರಾದಂತೆ ಕಾಣದಿದ್ದರೆ ಚೀಟಿಯೂ ಸುಳ್ಳಲ್ಲ, ಸೂಚ್ಯಂಕವೂ ಸುಳ್ಳಲ್ಲ.

ಜಿಡಿಪಿಯಲ್ಲಿ ಇದು ಇನ್ನೂ ಢಾಳಾಗಿ ಕಂಡದ್ದು ಲಾಕ್‌ಡೌನ್ ನಂತರ. 2021-22ರ ಮೊದಲ ತ್ರೈಮಾಸಿಕದಲ್ಲಿ ಬೆಳವಣಿಗೆ ಶೇ 20.1 ಎಂದು ಪ್ರಕಟವಾಯಿತು. ಸ್ಥಿರ ಬೆಲೆಯಲ್ಲಿ, ಅಂದರೆ ಬೆಲೆ ಏರಿಕೆಯ ಪರಿಣಾಮವನ್ನು ಕಳೆದು ನೋಡಿದರೆ, 2019-20ರ ಅದೇ ಮೂರು ತಿಂಗಳ ಉತ್ಪನ್ನ 35.66 ಲಕ್ಷ ಕೋಟಿ ರೂಪಾಯಿ, 2020-21ರಲ್ಲಿ 26.95 ಲಕ್ಷ ಕೋಟಿ, 2021-22ರಲ್ಲಿ 32.38 ಲಕ್ಷ ಕೋಟಿ. ಶೇ 20.1 ಬೆಳೆದ ಮೇಲೂ ಎರಡು ವರ್ಷ ಹಿಂದಿನ ಮಟ್ಟಕ್ಕಿಂತ ಶೇ 9ರಷ್ಟು ಕೆಳಗೇ ಇದ್ದೆವು. ಯಾವ ದರವನ್ನು ಕಂಡರೂ ಅದರ ಹಿಂದಿನ ವರ್ಷದ ದರವನ್ನೂ ಜೊತೆಗೆ ಬರೆದಿಟ್ಟುಕೊಳ್ಳುವ ಅಭ್ಯಾಸ ಒಳ್ಳೆಯದು.

ಜಿಡಿಪಿಯ ಮೊದಲ ಅಂಕಿ ಕೊನೆಯ ಅಂಕಿಯಲ್ಲ ಎಂಬುದನ್ನೂ ನೆನಪಿಡಬೇಕು. 2023-24ರ ಬೆಳವಣಿಗೆಯನ್ನು 2024ರ ಜನವರಿಯಲ್ಲಿ ಶೇ 7.3 ಎಂದು ಅಂದಾಜಿಸಿದರು, ಫೆಬ್ರುವರಿಯಲ್ಲಿ ಶೇ 7.6, ಮೇ ಕೊನೆಯಲ್ಲಿ ಶೇ 8.2, ಮರುವರ್ಷದ ಫೆಬ್ರುವರಿಯಲ್ಲಿ ಶೇ 9.2. ಇದರಲ್ಲಿ ಮೋಸವೇನಿಲ್ಲ. ಜನವರಿಯಲ್ಲಿ ಆರ್ಥಿಕ ವರ್ಷವೇ ಮುಗಿದಿರುವುದಿಲ್ಲ, ಕಂಪನಿಗಳ ಲೆಕ್ಕಪತ್ರ, ತೆರಿಗೆ, ಬೆಳೆಯ ಅಂತಿಮ ಅಂದಾಜು ಬಂದಂತೆಲ್ಲ ಪರಿಷ್ಕರಣೆ ನಡೆಯುತ್ತದೆ. ನನಗೆ ಅನುಮಾನವಿರುವುದು ಬೇರೆ ಕಡೆ: ಬೀದಿ ಬದಿಯ ವ್ಯಾಪಾರ, ಮನೆಯ ಹಿಂದಿನ ಮಗ್ಗ, ಸಣ್ಣ ಗ್ಯಾರೇಜು ಇಂಥವುಗಳ ಉತ್ಪನ್ನಕ್ಕೆ ತ್ರೈಮಾಸಿಕ ಲೆಕ್ಕದಲ್ಲಿ ನೇರ ಮಾಹಿತಿ ಇರುವುದಿಲ್ಲ, ಸಂಘಟಿತ ವಲಯದ ಚಲನೆಯನ್ನು ನೋಡಿ ಬಹುಮಟ್ಟಿಗೆ ಊಹಿಸಿಕೊಳ್ಳುತ್ತಾರೆ. ದೊಡ್ಡವರು ಬೆಳೆದು ಚಿಕ್ಕವರು ಕುಸಿದ ವರ್ಷದಲ್ಲಿ ಈ ಊಹೆ ದಾರಿ ತಪ್ಪುತ್ತದೆ.

ಆಧಾರ ವರ್ಷದ, ಅಂದರೆ ಹೋಲಿಕೆಗೆ ಮೂಲವಾಗಿ ಹಿಡಿಯುವ ವರ್ಷದ, ಬಗ್ಗೆ ಒಂದು ಮಾತು. ಬೆಲೆ ಸೂಚ್ಯಂಕದಲ್ಲಿ ಯಾವ ವಸ್ತುವಿಗೆ ಎಷ್ಟು ತೂಕ ಎಂಬುದು ಜನರ ಖರ್ಚಿನ ಸಮೀಕ್ಷೆಯಿಂದ ನಿರ್ಧಾರವಾಗುತ್ತದೆ. 2012ರ ಆಧಾರದ ಶ್ರೇಣಿಯಲ್ಲಿ ಆಹಾರ ಮತ್ತು ಪಾನೀಯಗಳ ತೂಕ ಶೇ 45.86. ಅಷ್ಟರಲ್ಲಿ ಜನರ ಖರ್ಚು ಬದಲಾಗಿತ್ತು: ಗ್ರಾಮೀಣ ಕುಟುಂಬಗಳ ಖರ್ಚಿನಲ್ಲಿ ಆಹಾರದ ಪಾಲು 2011-12ರಲ್ಲಿ ಶೇ 52.9 ಇದ್ದದ್ದು 2023-24ರಲ್ಲಿ ಸುಮಾರು ಶೇ 47. ಇದಕ್ಕಾಗಿಯೇ ಬೆಲೆ ಸೂಚ್ಯಂಕಕ್ಕೆ 2024, ಜಿಡಿಪಿಗೆ 2022-23 ಎಂಬ ಹೊಸ ಆಧಾರ ವರ್ಷಗಳು ಬಂದಿವೆ. ಹಳೆಯ ಶ್ರೇಣಿಯ ಒಂದು ಅಂಕಿಯನ್ನು ಹೊಸ ಶ್ರೇಣಿಯ ಇನ್ನೊಂದಕ್ಕೆ ನೇರವಾಗಿ ಜೋಡಿಸಿ ಬೆಳವಣಿಗೆ ಲೆಕ್ಕ ಹಾಕಬೇಡಿ.

ಆರನೇ ಹೆಜ್ಜೆ: ಹೋಲಿಸುವ ಮೊದಲು ಆವರಣ ಚಿಹ್ನೆಯನ್ನು ನೋಡಿ

ಕುಟುಂಬ ಆರೋಗ್ಯ ಸಮೀಕ್ಷೆಯ ಜಿಲ್ಲಾ ಪಟ್ಟಿಗಳಲ್ಲಿ ಕೆಲವು ಅಂಕಿಗಳು ಆವರಣದೊಳಗಿರುತ್ತವೆ, ಕೆಲವು ಕಡೆ ಅಂಕಿಯ ಬದಲು ನಕ್ಷತ್ರ ಚಿಹ್ನೆ ಇರುತ್ತದೆ. ಆವರಣವೆಂದರೆ ಆ ಅಂಕಿ 25ರಿಂದ 49 ಜನರ ಉತ್ತರದ ಮೇಲೆ ಮಾತ್ರ ನಿಂತಿದೆ ಎಂದರ್ಥ, ನಕ್ಷತ್ರವೆಂದರೆ 25ಕ್ಕೂ ಕಡಿಮೆ ಜನ ಸಿಕ್ಕಿದ್ದರಿಂದ ಅಂಕಿಯನ್ನು ಕೊಟ್ಟಿಲ್ಲ ಎಂದರ್ಥ. ರಾಜ್ಯದ ಸುದ್ದಿಯಲ್ಲಿ ‘ಜಿಲ್ಲೆಗೆ ಕೊನೆಯ ಸ್ಥಾನ’ ಎಂದು ಬಂದಾಗ ಮೂಲದಲ್ಲಿ ಆವರಣವಿತ್ತೇ ಎಂದು ನೋಡಿದರೆ ಎಷ್ಟೋ ಸಲ ಸುದ್ದಿಯೇ ಉಳಿಯುವುದಿಲ್ಲ. ಕಾಲವನ್ನೂ ನೋಡಬೇಕು. ಆ ಐದನೇ ಸುತ್ತು ಎರಡು ಹಂತಗಳಲ್ಲಿ ನಡೆಯಿತು, ಕರ್ನಾಟಕದ ಕೆಲಸ ಕೋವಿಡ್‌ಗೆ ಮೊದಲೇ ಮುಗಿದಿತ್ತು, ಎರಡನೇ ಹಂತದ ರಾಜ್ಯಗಳಲ್ಲಿ ಅದು 2021ರ ಏಪ್ರಿಲ್‌ವರೆಗೆ ಎಳೆಯಿತು. ಐದು ವರ್ಷದೊಳಗಿನ ಮಕ್ಕಳಲ್ಲಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು ಕರ್ನಾಟಕದಲ್ಲಿ ಶೇ 35.4, ದೇಶದಲ್ಲಿ ಶೇ 35.5 ಎಂಬ ಅಂಕಿಗಳನ್ನು ಓದುವಾಗಲೂ ಇದು ಮನಸ್ಸಿನಲ್ಲಿರಲಿ.

ಏಳನೇ ಹೆಜ್ಜೆ: ಮೂಲವನ್ನು ತೆರೆಯಿರಿ

ಸಾಂಖ್ಯಿಕ ಸಚಿವಾಲಯ ಯಾವ ಅಂಕಿ ಯಾವ ದಿನ ಬರುತ್ತದೆ ಎಂಬ ಕ್ಯಾಲೆಂಡರನ್ನು ಮುಂಚಿತವಾಗಿ ಪ್ರಕಟಿಸುತ್ತದೆ. ನಿಗದಿತ ದಿನಕ್ಕೆ ಬಾರದ ಅಂಕಿ ಕೂಡ ಒಂದು ಮಾಹಿತಿಯೇ. 2017-18ರ ಕುಟುಂಬ ಖರ್ಚಿನ ಸಮೀಕ್ಷೆ ಪೂರ್ತಿಯಾಗಿದ್ದರೂ ಗುಣಮಟ್ಟ ಸರಿಯಿಲ್ಲವೆಂದು ಸರ್ಕಾರ 2019ರ ನವೆಂಬರ್‌ನಲ್ಲಿ ಅದನ್ನು ಕೈಬಿಟ್ಟಿತು, ಮುಂದಿನ ಸಮೀಕ್ಷೆ ಬರುವವರೆಗೆ ದೇಶದ ಬಡತನದ ಬಗ್ಗೆ ಎಲ್ಲರೂ 2011-12ರ ಅಂಕಿಯನ್ನು ಎಳೆದಾಡಿಕೊಂಡೇ ವಾದಿಸಬೇಕಾಯಿತು.

ಪತ್ರಿಕಾ ಪ್ರಕಟಣೆಯನ್ನು ತೆರೆದಾಗ ಮೊದಲ ಪುಟದ ಚಿತ್ರಗಳನ್ನು ದಾಟಿ ಕೊನೆಯ ಟಿಪ್ಪಣಿಗಳಿಗೆ ಹೋಗಿ. ವ್ಯಾಖ್ಯೆ, ಮಾದರಿಯ ಗಾತ್ರ, ಉತ್ತರ ಸಿಕ್ಕ ಪ್ರಮಾಣ ಅಲ್ಲಿರುತ್ತವೆ. ಹಲವು ವರ್ಷಗಳ ಸಾಲು ಬೇಕಿದ್ದರೆ 2024ರಲ್ಲಿ ಶುರುವಾದ ಇ-ಸಾಂಖ್ಯಿಕಿ ಪೋರ್ಟಲ್ ಅನುಕೂಲ. ನಮ್ಮ ತಾಲ್ಲೂಕು, ಜಿಲ್ಲೆಯ ಮಾಹಿತಿಗೆ ರಾಜ್ಯದ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯದ ಜಿಲ್ಲಾ ಅಂಕಿ ಅಂಶಗಳ ನೋಟವನ್ನೂ, ಬಜೆಟ್ಟಿನ ಜೊತೆಗೆ ಬರುವ ರಾಜ್ಯ ಆರ್ಥಿಕ ಸಮೀಕ್ಷೆಯನ್ನೂ ನೋಡಬೇಕು. ಜಿಲ್ಲೆಯ ತಲಾ ಆದಾಯದ ಕೋಷ್ಟಕ ಅಲ್ಲಿ ಸಿಗುತ್ತದೆ. ಅದನ್ನು ಬಳಸುವಾಗ ಕೋಷ್ಟಕದ ಅಡಿಯಲ್ಲಿರುವ ಸಾಲನ್ನು ಓದಿ, ಛೇದದಲ್ಲಿರುವ ಜನಸಂಖ್ಯೆ ಎಣಿಸಿದ್ದಲ್ಲ, 2011ರಿಂದ ಮುಂದಕ್ಕೆ ಅಂದಾಜಿಸಿದ್ದು. ವಲಸೆ ಬಂದವರಿಂದ ತುಂಬಿದ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ ಅಂದಾಜಿಗಿಂತ ಹೆಚ್ಚಿದ್ದರೆ ಅದರ ತಲಾ ಆದಾಯ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ, ಜನ ಗುಳೆ ಹೋಗುವ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ತಪ್ಪು ಇನ್ನೊಂದು ದಿಕ್ಕಿನಲ್ಲಿ ಆಗಬಹುದು. 2027ರ ಗಣತಿಯ ಫಲಿತಾಂಶ ಬಂದಾಗ ಈ ಕೋಷ್ಟಕವನ್ನು ಮೊದಲು ತೆಗೆದು ಮತ್ತೆ ಭಾಗಿಸಿ ನೋಡಬೇಕು.